ಕೆಮ್ಮು ಬಾರದ ಶ್ವಾಸಕೋಶ

ಊಟದ ನಡುವೆ ಅನ್ನದ ಅಗುಳು ನೆತ್ತಿಗೆ ಹತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತೇವೆ. ‘ಯಾರೋ ನೆನೆಸಿಕೊಂಡರು’ ಎಂದು ಮನೆಯವರು ತಲೆ ತಟ್ಟುತ್ತಾರೆ. ನಿಜಕ್ಕೂ ಅದು ಶ್ವಾಸನಾಳದ ನರಗಳು ಬಾರಿಸಿದ ಎಚ್ಚರಿಕೆಯ ಗಂಟೆ.

ಬೇರೆಯವರ ಶ್ವಾಸಕೋಶವನ್ನು ಕಸಿ ಮಾಡಿಸಿಕೊಂಡವರಲ್ಲಿ ಈ ಗಂಟೆ ಸರಿಯಾಗಿ ಬಾರಿಸುವುದಿಲ್ಲ. ಶಸ್ತ್ರವೈದ್ಯರು ಶ್ವಾಸನಾಳವನ್ನೂ ರಕ್ತನಾಳಗಳನ್ನೂ ಹೊಲಿದು ಕೂಡಿಸುತ್ತಾರೆ. ಕತ್ತರಿಸಿದ ನರಗಳನ್ನು ಹಾಗೆ ಕೂಡಿಸಲಾಗದು. ಹೊಲಿಗೆಯಿಂದ ಕೆಳಗೆ ಕಫ ಕಟ್ಟಿದರೂ ಕೆಮ್ಮು ಬಾರದೇ ಇರಬಹುದು. ದೇಹವು ಹೊಸ ಅಂಗವನ್ನು ಪರಕೀಯವೆಂದು ತಿರಸ್ಕರಿಸತೊಡಗಿದಾಗಲೂ ಮೊದಮೊದಲು ರೋಗಿಗೆ ಏನೂ ಅನ್ನಿಸದೆ ಹೋಗಬಹುದು.

ಹಾಗಾದರೆ ತಿಳಿಯುವುದು ಹೇಗೆ? ಅಂಕಿಗಳಿಂದ. ದಿನವೂ ಮೈಬಿಸಿ, ತೂಕ, ರಕ್ತದೊತ್ತಡ ನೋಡಿಕೊಳ್ಳಬೇಕು. ಅಂಗೈಯಗಲದ ಸ್ಪೈರೋಮೀಟರಿಗೆ ಬಾಯಿಟ್ಟು ಇದ್ದಷ್ಟೂ ಬಲದಿಂದ ಊದಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಬರೆದಿಡಬೇಕು. ಅದು ಶೇಕಡ 10ರಷ್ಟು ಇಳಿದು ಅಲ್ಲೇ ನಿಂತರೆ ಆಸ್ಪತ್ರೆಗೆ ತಿಳಿಸಲೇಬೇಕು. ಜತೆಗೆ, ತಿರಸ್ಕಾರವನ್ನು ತಡೆಯುವ ಟ್ಯಾಕ್ರೊಲಿಮಸ್ ಗುಳಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ. (1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಸಿಕ್ಕ ವಸ್ತುವಿದು!) ರಕ್ತಪರೀಕ್ಷೆಯ ದಿನ ಮಾತ್ರ, ರಕ್ತ ಕೊಟ್ಟ ಮೇಲೆಯೇ ಬೆಳಗಿನ ಗುಳಿಗೆ.

ಇಷ್ಟನ್ನೂ ಕಾಗದದ ಮೇಲೆ ತಪ್ಪದೆ ಬರೆಯುವವರು ಎಷ್ಟು ಮಂದಿ? ವಾರದ ಉಷ್ಣಾಂಶವನ್ನೆಲ್ಲ ಕೊನೆಯ ದಿನ ಒಂದೇ ಶಾಯಿಯಲ್ಲಿ ತುಂಬಿ ತರುವ ವಿದ್ಯಾರ್ಥಿಗಳನ್ನು ಕಂಡಿರುವ ನನಗೆ ಅನುಮಾನವೇ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆನೆಟ್ ಡಿವಿಟೊ ಡ್ಯಾಬ್ಸ್ ಮತ್ತು ಸಂಗಡಿಗರು ಇದಕ್ಕೆಂದೇ ‘ಪಾಕೆಟ್ ಪಾತ್’ ಎಂಬ ಮೊಬೈಲ್ ವ್ಯವಸ್ಥೆಯನ್ನು ರೂಪಿಸಿದರು. ರೋಗಿ ಅಂಕಿ ತುಂಬಿದರೆ ಫೋನು ಗ್ರಾಫ್ ಬರೆದು ತೋರಿಸುತ್ತದೆ. ಅಂಕಿ ಮಿತಿ ದಾಟಿದರೆ ‘ಆಸ್ಪತ್ರೆಗೆ ತಿಳಿಸಿ’ ಎನ್ನುತ್ತದೆ. ಶ್ವಾಸಕೋಶದ ಕಸಿಯಾದ 201 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದನ್ನು ಕೊಟ್ಟು, ಉಳಿದವರಿಗೆ ಎಂದಿನ ಆರೈಕೆಯನ್ನೇ ಮುಂದುವರಿಸಿ, ಒಂದು ವರ್ಷ ಹೋಲಿಸಿ ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಫೋನು ಪಡೆದವರು ಹೆಚ್ಚು ನಿಯಮಿತವಾಗಿ ತಮ್ಮನ್ನು ಪರೀಕ್ಷಿಸಿಕೊಂಡಿದ್ದರು, ಪಥ್ಯ-ಔಷಧಿಯನ್ನು ಹೆಚ್ಚು ಪಾಲಿಸಿದ್ದರು, ಏರುಪೇರನ್ನು ಹೆಚ್ಚಾಗಿ ತಿಳಿಸಿದ್ದರು. ಆದರೆ ಮತ್ತೆ ಆಸ್ಪತ್ರೆ ಸೇರಿದವರ ಲೆಕ್ಕದಲ್ಲಾಗಲಿ, ಸಾವಿನ ಲೆಕ್ಕದಲ್ಲಾಗಲಿ ಎರಡು ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ.

‘ಹಾಗಾದರೆ ಏನು ಬಂತು?’ ಎಂದು ನೀವು ಕೇಳಬಹುದು. ಸೋಂಕು ಫೋನಿಗೆ ಹೆದರುವುದಿಲ್ಲ, ನಿಜ. ಹೆಚ್ಚಾಗಿ ತಿಳಿಸಿದರು ಎಂಬುದು ಮಾತ್ರ ನನಗೆ ಸಣ್ಣದಾಗಿ ಕಾಣುತ್ತಿಲ್ಲ. ‘ಇಷ್ಟಕ್ಕೆಲ್ಲ ಡಾಕ್ಟರಿಗೆ ತೊಂದರೆ ಕೊಡುವುದೇ’ ಎಂದು ಸುಮ್ಮನಾಗುವವರು ನಮ್ಮಲ್ಲೇ ಎಷ್ಟಿಲ್ಲ! ಆಸ್ಪತ್ರೆ ಬಿಡುವ ಮೊದಲೇ ರೋಗಿಯ ಕೈಗೆ ಫೋನು ಕೊಟ್ಟು, ತಾನೇ ಊದಿದ ಗ್ರಾಫ್ ಏಕೆ ಇಳಿಯಿತೆಂದು ಅವರಿಂದಲೇ ಹೇಳಿಸಬೇಕು. ತಪ್ಪಿದರೆ ಇನ್ನೊಮ್ಮೆ ಊದಿಸಬೇಕು, ಅಷ್ಟೆ.