ಕೂಗದ ಕುಕ್ಕರ್

ನಮ್ಮಮ್ಮನ ಪ್ರಕಾರ ಕುಕ್ಕರ್ ಎಂದಮೇಲೆ ಕೂಗಬೇಕು. ಹೋದ ವರ್ಷ ಜನವರಿಯ ಒಂದು ಶನಿವಾರ ಬೆಳಿಗ್ಗೆ ವಿಡಿಯೊ ಕಾಲ್ ಮಾಡಿ ನನ್ನ ಹೊಸ ಪಾತ್ರೆ ತೋರಿಸಿದೆ. ‘ಇದನ್ನ ಎಷ್ಟು ಕೂಗು ಕೂಗಿಸ್ಬೇಕು ಮಗ?’ ಅಂದಳು. ಇದು ಕೂಗುವುದೇ ಇಲ್ಲ ಕಣಮ್ಮ, ಎಂಟು ಗಂಟೆ ಸುಮ್ಮನೆ ಕೂತಿರುತ್ತೆ ಎಂದೆ. ಕೊಳ್ಳೇಗಾಲದ ಹತ್ತಿರದ ನಮ್ಮೂರಲ್ಲಿ ಆಗ ಸಂಜೆ ಆರೂವರೆ. ನಾನಿರುವ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಬೆಳಿಗ್ಗೆ ಎಂಟು. ‘ಎಂಟು ಗಂಟೆನಾ? ಅಷ್ಟೊತ್ತು ಬೇಯಿಸುದ್ರೆ ಮೂಳೆನೂ ಕರಗೋಯ್ತದೆ ಕನ ಮಗ’ ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: ‘ಕಿಟ್ಕಿ ಹಾಕಿದ್ದೀಯಾ?’

ಈ ಪ್ರಶ್ನೆ ನಿಮಗೆ ಅರ್ಥವಾಗಬೇಕಾದರೆ ಮೈಸೂರಿನ ನಮ್ಮ ಬಾಡಿಗೆ ಮನೆಯ ವಿಷಯ ಹೇಳಬೇಕು. ಅಪ್ಪ ಲಾರಿ ಓಡಿಸುತ್ತಿದ್ದ. ನಾನು ಹೈಸ್ಕೂಲು. ಮಹಡಿ ಮೇಲೆ ಎರಡು ಕೋಣೆ, ಕೆಳಗೆ ಓನರ್. ಕುರಿ ಮಾಂಸ ತರುವುದು ನಮ್ಮ ಕೈಲಿ ಆಗುತ್ತಿರಲಿಲ್ಲ, ಹಬ್ಬಕ್ಕೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಅಮ್ಮ ದೊಡ್ಡ ಮಾಂಸ ತರುತ್ತಿದ್ದಳು. ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅದನ್ನು ಬ್ಯಾಗಿನ ತಳಕ್ಕಿಟ್ಟು, ಮೇಲೆ ದಂಟಿನ ಸೊಪ್ಪು ಕಾಣುವ ಹಾಗೆ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಬಂದವಳೇ ಕಿಟಕಿ ಹಾಕುವುದು, ಊದುಬತ್ತಿ ಹಚ್ಚುವುದು. ಕುಕ್ಕರ್ ಎಂಟು ಕೂಗು ಕೂಗುವವರೆಗೂ ಬಾಗಿಲ ಹತ್ತಿರವೇ ನಿಂತು ಎಣಿಸುತ್ತಿದ್ದಳು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಬೇಕು. ನಮಗೆ ಪ್ರೆಷರ್ ಕುಕ್ಕರ್ ಗ್ಯಾಸ್ ಉಳಿಸುವುದಕ್ಕಿಂತ ಹೆಚ್ಚಾಗಿ ಹೊತ್ತು ಉಳಿಸುತ್ತಿತ್ತು.

ಒಂದು ದಿನ ಏಳನೇ ಕೂಗಿಗೆ ಓನರ್ ಆಂಟಿ ನೀರಿನ ಬಿಲ್ಲು ಹಿಡಿದುಕೊಂಡು ಮೇಲೆ ಬಂದರು. ಬಾಗಿಲಲ್ಲೇ ನಿಂತರು, ಬಿಲ್ಲು ಕೊಟ್ಟರು, ಹೋದರು. ಮಾಂಸದ ಮಾತೇ ಬರಲಿಲ್ಲ. ಒಂದು ವಾರ ಬಿಟ್ಟು, ನೆಂಟರು ಬರುತ್ತಾರೆ, ಮನೆ ಖಾಲಿ ಮಾಡಿ ಎಂದರು. ಆಗ ನನಗೆ ಒಂಬತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ. ಅಮ್ಮ ಯಾರನ್ನೂ ಬೈಯಲಿಲ್ಲ. ಊದುಬತ್ತಿ ಬದಲಿಗೆ ಸಾಂಬ್ರಾಣಿ ಹಾಕಬೇಕಿತ್ತು ಅಂತ ಮಾತ್ರ ಹೇಳಿದಳು. 2021ರಲ್ಲಿ ಜಾನುವಾರು ಹತ್ಯೆ ತಡೆಯುವ ಹೊಸ ಕಾನೂನು ಬಂದ ಮೇಲೆ ತರುವುದನ್ನೇ ನಿಲ್ಲಿಸಿದಳು.

ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಎಂ.ಎಸ್. ಓದಲು ಇಲ್ಲಿಗೆ ಬಂದಾಗ ಇಬ್ಬರು ರೂಂಮೇಟ್‌ಗಳು ಸಿಕ್ಕರು. ಒಬ್ಬಳು ಚೀನಾದ ಸಿಚುವಾನ್ ಪ್ರಾಂತ್ಯದವಳು. ಇನ್ನೊಬ್ಬಳು ನಮ್ಮ ಧಾರವಾಡದವಳು. ಕನ್ನಡದವಳು ಸಿಕ್ಕಳು ಅಂತ ನಾನು ಕುಣಿದಾಡಿದ್ದೆ. ಮೊದಲ ದಿನವೇ ಅವಳು ಕೇಳಿದಳು, ‘ನಾನ್‌ವೆಜ್ ತಿಂತೀಯೇನು?’ ‘ಚಿಕನ್, ಮೊಟ್ಟೆ’ ಎಂದೆ. ‘ಚಿಕನ್ ಆದ್ರ ಅಡ್ಡಿ ಇಲ್ಲ, ಪಾತ್ರಿ ಬ್ಯಾರೆ ಇಟ್ಕೋ’ ಅಂದಳು. ಅಷ್ಟಕ್ಕೇ ಮಾತು ಮುಗಿಯಿತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಒಂದನ್ನು ಬಿಟ್ಟಿದ್ದೆ ಅಷ್ಟೆ. ಆರು ತಿಂಗಳು ಹಾಗೇ ನಡೆಯಿತು. ಇಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಬೀಫ್ ಇಡುವ ಸಾಲು ಬಂದರೆ ಟ್ರಾಲಿ ತಳ್ಳಿಕೊಂಡು ಬೇಗ ಬೇಗ ದಾಟುತ್ತಿದ್ದೆ, ಯಾರೋ ನೋಡುತ್ತಿದ್ದಾರೆ ಎಂಬಂತೆ.

ಸ್ಲೋ ಕುಕ್ಕರ್ ಸಿಕ್ಕಿದ್ದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ, ಎಂಟು ಡಾಲರಿಗೆ. ಮುಚ್ಚಳದ ಹಿಡಿ ಸ್ವಲ್ಪ ಮುರಿದಿತ್ತು. ನೋಡದವರಿಗೆ ಹೇಳುವುದಾದರೆ, ದಪ್ಪನೆಯ ಪಿಂಗಾಣಿ ಪಾತ್ರೆ, ಅದರ ಸುತ್ತ ಕರೆಂಟಿನ ಕಾವು, ಮೇಲೊಂದು ಗಾಜಿನ ಮುಚ್ಚಳ. ಒಳಗಿನ ಬಿಸಿ ಕುದಿಯುವ ಹಂತಕ್ಕಿಂತ ತುಸು ಕೆಳಗೇ ಇರುತ್ತದೆ. ಹೆಗಲಿನ ಮಾಂಸದಂಥ ಗಟ್ಟಿ, ನಾರು ನಾರಾದ ಭಾಗಕ್ಕೇ ಇದು ಸರಿ. ಅದರಲ್ಲಿರುವ ಕೊಲಾಜೆನ್ ನಿಧಾನಕ್ಕೆ ಕರಗಿ ಜೆಲಾಟಿನ್ ಆಗಿ ಸಾರಿಗೆ ಮಂದ ಬರುತ್ತದೆ. ಒಳ್ಳೆಯ, ದುಬಾರಿ ತುಂಡು ಹಾಕಿದರೆ ಒಣಗಿ ಹತ್ತಿಯಂತಾಗುತ್ತದೆ. ಬಡವರ ಮಾಂಸಕ್ಕೇ ಹೇಳಿ ಮಾಡಿಸಿದ ಪಾತ್ರೆ ಇದು.

ಇದರ ಹುಟ್ಟಿನ ಕಥೆಯೂ ನನಗೆ ಇಷ್ಟ. ಷಿಕಾಗೊದ ಇರ್ವಿಂಗ್ ನ್ಯಾಕ್ಸನ್ ಎಂಬ ಎಂಜಿನಿಯರ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಯಹೂದಿಗಳು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ, ಸಬ್ಬತ್ ದಿನ, ಒಲೆ ಹಚ್ಚುವುದಿಲ್ಲ. ಹಾಗಾಗಿ ಲಿಥುವೇನಿಯಾದಲ್ಲಿ ಶುಕ್ರವಾರವೇ ಮಾಂಸ, ಕಾಳು ಹಾಕಿದ ಗಡಿಗೆಯನ್ನು ಬೇಕರಿಯ ಆರುವ ಒಲೆಯಲ್ಲಿಟ್ಟು ರಾತ್ರಿಯಿಡೀ ಬೇಯಲು ಬಿಡುತ್ತಿದ್ದರಂತೆ. ಚೋಲೆಂಟ್ ಅಂತ ಅದರ ಹೆಸರು. ತಾಯಿಯ ಬಾಯಲ್ಲಿ ಕೇಳಿದ ಆ ಕಥೆಯಿಂದ ನ್ಯಾಕ್ಸನ್ ಅವರಿಗೆ ಈ ಯೋಚನೆ ಬಂತು. ಮುಂದೆ ಬೇರೊಂದು ಕಂಪನಿ ಅದನ್ನು ಕೊಂಡು, 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಬೆಳಿಗ್ಗೆ ಹಾಕಿ ಕೆಲಸಕ್ಕೆ ಹೋದರೆ ಸಂಜೆಗೆ ಊಟ ಸಿದ್ಧ. ಕೆಲಸಕ್ಕೆ ಹೋಗುವ ಹೆಂಗಸರು ಮುಗಿಬಿದ್ದು ಕೊಂಡರು.

ಆ ಶನಿವಾರವನ್ನೇ ನಾನು ಆರಿಸಿಕೊಳ್ಳಲು ಕಾರಣವಿತ್ತು. ಧಾರವಾಡದವಳು ವಾರಾಂತ್ಯಕ್ಕೆ ಕ್ಲೀವ್‌ಲ್ಯಾಂಡಿನ ನೆಂಟರ ಮನೆಗೆ ಹೊರಟಿದ್ದಳು. ಎರಡು ದಿನ ಮನೆ ಖಾಲಿ. ಅವಳು ಏಳು ಗಂಟೆಗೆ ಬಾಗಿಲು ದಾಟಿದಳು, ನಾನು ಎಂಟಕ್ಕೆ ಮಾಂಸ ಹೊರತೆಗೆದೆ.

ನೋಡಿಟ್ಟುಕೊಂಡಿದ್ದ ರೆಸಿಪಿ ಬೀಫ್ ಮತ್ತು ಬ್ರೊಕೊಲಿ. ಅಮೆರಿಕದ ಚೈನೀಸ್ ಹೋಟೆಲುಗಳಲ್ಲಿ ಎಲ್ಲ ಕಡೆ ಸಿಗುವಂಥದ್ದು. ಸಿಚುವಾನಿನ ಗೆಳತಿ ಓದಿ ನಕ್ಕಳು. ಇದು ಚೈನೀಸ್ ಅಲ್ಲ, ನಮ್ಮಜ್ಜಿ ಬ್ರೊಕೊಲಿ ಕಂಡವಳೇ ಅಲ್ಲ ಎಂದಳು. ಇಲ್ಲಿಗೆ ಬಂದ ಚೀನೀಯರು ತಮ್ಮ ಗಾಯ್‌ಲಾನ್ ಸೊಪ್ಪಿನ ಜಾಗಕ್ಕೆ ಬ್ರೊಕೊಲಿ ಹಾಕಿ, ಇಲ್ಲಿಯವರ ನಾಲಿಗೆಗೆ ಸಿಹಿ ಜಾಸ್ತಿ ಮಾಡಿ ಕಟ್ಟಿಕೊಂಡ ಅಡುಗೆಯಂತೆ ಅದು. 1882ರ ಕಾನೂನು ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನೇ ನಿಷೇಧಿಸಿತ್ತು. 1915ರ ನಂತರ ಹೋಟೆಲ್ ಮಾಲೀಕರಿಗೆ ವ್ಯಾಪಾರಿ ಎಂಬ ಮಾನ್ಯತೆ ಸಿಕ್ಕಿತು, ವ್ಯಾಪಾರಿಗಳು ಬರಬಹುದಿತ್ತು. ಅಡುಗೆ ಬಾರದವರೂ ಹೋಟೆಲು ಹಾಕಿದ್ದು ಹೀಗೆ. ನಮ್ಮ ಗೋಬಿ ಮಂಚೂರಿಯನ್ನು ಅವಳಿಗೆ ಇನ್ನೂ ತೋರಿಸಿಲ್ಲ. ಸ್ನೇಹ ಉಳಿಯಲಿ ಅಂತ.

ಕೊನೆಗೆ ರಾಜಿಯಾಯಿತು. ಅರ್ಧ ಅವಳ ಊರಿನ ಕೆಂಪು ಮಾಂಸದ ಪಲ್ಯ, ಅರ್ಧ ನನ್ನ ರೆಸಿಪಿ. ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ ಮಾಂಸ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷದಲ್ಲಿ ನೊರೆ ಸಮೇತ ನೀರು ಚೆಲ್ಲಬೇಕು ಎಂದಳು. ನಮ್ಮಮ್ಮ ಅರಿಶಿನ ಹಾಕಿ ತೊಳೆಯುವುದೂ ಇದೇ ಕಾರಣಕ್ಕೆ ತಾನೇ? ಪಾತ್ರೆಯ ತಳಕ್ಕೆ ಕ್ಯಾರೆಟ್, ಮೂಲಂಗಿ. ಸ್ಲೋ ಕುಕ್ಕರಿನಲ್ಲಿ ಗಡ್ಡೆ ತರಕಾರಿ ಮಾಂಸಕ್ಕಿಂತ ನಿಧಾನ ಬೇಯುತ್ತದೆ, ಅದಕ್ಕೇ ಅವು ಕಾವಿಗೆ ಹತ್ತಿರ. ಮೇಲೆ ಮಾಂಸ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಎರಡು ಚಕ್ರಮೊಗ್ಗು, ಒಂದು ತುಂಡು ಚಕ್ಕೆ, ಅವಳ ಡಬ್ಬಿಯಿಂದ ಒಂದು ಚಮಚ ಕೆಂಪು ಮೆಣಸಿನ ಹುಳಿಬರಿಸಿದ ಪೇಸ್ಟು, ಅರ್ಧ ಲೋಟ ಸೋಯಾ ಸಾಸ್, ಒಂದು ಲೋಟ ನೀರು. ರೆಸಿಪಿ ಕೇಳಿದ ಸಕ್ಕರೆ ಬದಲಿಗೆ ಇಂಡಿಯನ್ ಅಂಗಡಿಯ ಬೆಲ್ಲ. ನೀರು ಜಾಸ್ತಿ ಹಾಕಬಾರದು, ಇದರಲ್ಲಿ ಆವಿಯಾಗಿ ಹೋಗುವುದು ಬಹಳ ಕಡಿಮೆ. ಗುಂಡಿಯನ್ನು ಲೋಗೆ ತಿರುಗಿಸಿದರೆ ಮುಗಿಯಿತು.

ಮುಗಿಯಿತು ಅಂದುಕೊಂಡೆ. ಹತ್ತು ಗಂಟೆಗೆ ಘಮ ಶುರುವಾಯಿತು. ಹನ್ನೊಂದಕ್ಕೆ ಸೋಫಾ, ಪರದೆ, ನನ್ನ ಸ್ವೆಟರ್, ಎಲ್ಲದರಲ್ಲೂ ಅದೇ. ಹೊರಗೆ ಹಿಮ, ಕಿಟಕಿ ತೆಗೆಯುವಂತಿಲ್ಲ. ಅಮ್ಮ ಅರ್ಧ ಗಂಟೆಯಲ್ಲಿ ಮುಚ್ಚಿಡುತ್ತಿದ್ದ ವಾಸನೆಯನ್ನು ಈ ಪಾತ್ರೆ ಎಂಟು ಗಂಟೆ ಮನೆ ತುಂಬ ಸಾರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಹನ್ನೆರಡೂ ಕಾಲಿಗೆ ಬಾಗಿಲು ತೆರೆಯಿತು. ಹಿಮ ಹೆಚ್ಚಾಗಿ ಬಸ್ಸು ರದ್ದಾಗಿತ್ತಂತೆ. ಧಾರವಾಡದವಳು ಬೂಟು ಕಳಚುತ್ತಾ ಮೂಗು ಅರಳಿಸಿದಳು. ‘ಏನ್ ಮಾಡ್ಲಿಕ್ಕತ್ತೀಯ? ವಾಸನಿ ಭಾಳ ಛಲೋ ಬರ್ಲಿಕ್ಕತ್ತದ!’ ಎನ್ನುತ್ತಾ ಸೀದಾ ಬಂದು ಮುಚ್ಚಳದ ಹಿಡಿಗೆ ಕೈ ಹಾಕಿದಳು.

‘ಮುಚ್ಚಳ ತೆಗೀಬೇಡ!’ ಎಂದು ಕಿರುಚಿದೆ. ಸ್ಲೋ ಕುಕ್ಕರಿನ ಮುಚ್ಚಳ ಒಮ್ಮೆ ತೆಗೆದರೆ ಕಾವು ಮತ್ತೆ ಏರಲು ಇಪ್ಪತ್ತು ನಿಮಿಷವಾದರೂ ಬೇಕು, ಅದಕ್ಕೇ ತೆಗೆಯಬಾರದು. ಅದನ್ನೆಲ್ಲ ಅವಳಿಗೆ ವಿವರಿಸಿದೆ ಕೂಡ. ಆದರೆ ನಾನು ಕಿರುಚಿದ್ದು ಅದಕ್ಕಲ್ಲ. ‘ಯಾರದು ಇದು?’ ಎಂದಳು. ನಾನು ಸಿಚುವಾನಿನ ಗೆಳತಿಯ ಕಡೆ ಕೈ ತೋರಿಸಿ ‘ಅವಳದು, ಚೈನೀಸು’ ಅಂದುಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದ್ದು ತಪ್ಪಾಯಿತು. ಗೆಳತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ನನ್ನದಲ್ಲ, ಮಾಂಸ ಇವಳದ್ದು, ಮಸಾಲೆ ಮಾತ್ರ ನನ್ನದು ಎಂದಳು. ಅವಳಿಗೆ ನಮ್ಮ ದೇಶದ ಒಳಸುಳಿ ಏನು ಗೊತ್ತು?

‘ಬೀಫ್’ ಎಂದೆ. ಹದಿನೈದು ವರ್ಷದಲ್ಲಿ ಆ ಪದವನ್ನು ಮನೆಯ ಹೊರಗಿನವರ ಎದುರು ಹೇಳಿದ್ದು ಅದೇ ಮೊದಲು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ‘ಮೊದಲ ಹೇಳಬೇಕಿತ್ತಲ್ಲ’ ಎಂದಳು. ‘ನನ್ನ ಸೌಟು ಹಾಕಿಲ್ಲ ಹೌದಿಲ್ಲೋ?’ ಹಾಕಿಲ್ಲ ಎಂದೆ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕುಕ್ಕರಿನ ಮುಂದೆ ಕೂತೆ. ಆರಿಸಿ ಎಲ್ಲವನ್ನೂ ಹೊರಗೆ ಚೆಲ್ಲಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಇನ್ನೂ ನಾಲ್ಕು ಗಂಟೆ ಬಾಕಿ ಇತ್ತು.

ಗೆಳತಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಹೇಳಿದ್ದು ಕೇಳಿ ನನಗೇ ಆಶ್ಚರ್ಯವಾಯಿತು. ಅವಳ ಅಜ್ಜಿ ದನದ ಮಾಂಸ ಮುಟ್ಟುವುದಿಲ್ಲವಂತೆ! ಹಂದಿ ತಿನ್ನುತ್ತಾಳೆ, ಕೋಳಿ ತಿನ್ನುತ್ತಾಳೆ, ಆದರೆ ಗದ್ದೆ ಉತ್ತ ಕೋಣವನ್ನು ತಿನ್ನುವುದೇ ಎನ್ನುತ್ತಾಳೆ. ಗುವಾನ್‌ಯಿನ್ ದೇವಿಗೆ ನಡೆದುಕೊಳ್ಳುವ ಎಷ್ಟೋ ಜನ ಇವತ್ತಿಗೂ ಹಾಗೇ. ಆಮೇಲೆ ಓದಿದೆ. ಟಾಂಗ್, ಸಾಂಗ್ ರಾಜವಂಶಗಳ ಕಾಲದಲ್ಲಿ ಉಳುವ ಎತ್ತನ್ನು ಕೊಲ್ಲುವುದು ಚೀನಾದಲ್ಲಿ ಅಪರಾಧವಾಗಿತ್ತು. ಹಾಗಾದರೆ ಅಲ್ಲಿ ತಿನ್ನುತ್ತಿದ್ದವರು ಯಾರು? ಅವಳ ಊರಿನ ಹತ್ತಿರ ಜಿಗಾಂಗ್ ಎಂಬ ಪಟ್ಟಣವಿದೆ, ಉಪ್ಪಿನ ಬಾವಿಗಳಿಗೆ ಹೆಸರುವಾಸಿ. 1835ರಲ್ಲಿ ಅಲ್ಲಿಯ ಶೆನ್‌ಹಾಯ್ ಬಾವಿಯನ್ನು ಸಾವಿರ ಮೀಟರಿಗಿಂತ ಆಳಕ್ಕೆ ಕೊರೆದರು. ಉಪ್ಪುನೀರು ಎಳೆಯುವ ರಾಟೆ ತಿರುಗಿಸಲು ಎತ್ತು, ಕೋಣ. ದುಡಿದು ಸವೆದ ಆ ಪ್ರಾಣಿಗಳ ಗಟ್ಟಿ ಮಾಂಸ ಬಾವಿಯ ಕೂಲಿಗಳ ಪಾಲಾಗುತ್ತಿತ್ತಂತೆ. ಇವತ್ತು ದೊಡ್ಡ ಹೋಟೆಲುಗಳಲ್ಲಿ ಸಿಗುವ ಸಿಚುವಾನಿನ ಖಾರದ ಬೀಫ್ ಹುಟ್ಟಿದ್ದು ಅವರ ಒಲೆಯಲ್ಲಿ ಎನ್ನುತ್ತಾರೆ. ಕೇಳುತ್ತಾ ನನಗೆ ನಮ್ಮ ತಾತ ನೆನಪಾದ. ಊರಲ್ಲಿ ಯಾರ ಕೊಟ್ಟಿಗೆಯಲ್ಲಿ ದನ ಸತ್ತರೂ ಎಳೆದು ಹಾಕಲು ತಾತನಿಗೇ ಹೇಳಿ ಕಳಿಸುತ್ತಿದ್ದರು.

ಮೂರೂವರೆಗೆ ಕಾವು ಹೈಗೆ ಏರಿಸಿ ಬ್ರೊಕೊಲಿ ಹಾಕಿದೆ. ಮೊದಲೇ ಹಾಕಿದರೆ ಮಸಿಬಟ್ಟೆಯ ಬಣ್ಣಕ್ಕೆ ತಿರುಗಿ ಕರಗುತ್ತದೆ. ಎರಡು ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಹಾಕಿದ ಮೇಲೆ ಸಾರು ಮಂದವಾಯಿತು. ನಾಲ್ಕಕ್ಕೆ ಮುಚ್ಚಳ ತೆಗೆದೆ. ಮಾಂಸ ಚಮಚ ತಾಗಿದರೆ ಬಿಡಿಸಿಕೊಳ್ಳುತ್ತಿತ್ತು. ಉಪ್ಪು ಮಾತ್ರ ಜಾಸ್ತಿ. ಸೋಯಾ ಸಾಸ್ ಅರ್ಧ ಲೋಟ ಬೇಡವೇ ಬೇಡ, ಕಾಲು ಲೋಟ ಸಾಕು.

ನಾವಿಬ್ಬರು ಅನ್ನಕ್ಕೆ ಹಾಕಿಕೊಂಡು ತಿನ್ನುವಾಗ ಧಾರವಾಡದವಳು ಮೊಸರನ್ನದ ತಟ್ಟೆ ಹಿಡಿದು ಹೊರಗೆ ಬಂದಳು. ಟೇಬಲ್ಲಿನ ಆ ತುದಿಗೆ ಕೂತಳು. ‘ಮನ್ಯಾಗ ನಿಮ್ಮಮ್ಮನೂ ಹಿಂಗ ಮಾಡ್ತಾರೇನು?’ ಎಂದಳು. ನಾನು ಕಿಟಕಿಯ ವಿಷಯ ಹೇಳಿದೆ, ಊದುಬತ್ತಿ, ಎಂಟು ಕೂಗು, ನೀರಿನ ಬಿಲ್ಲು. ಅವಳು ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದಳು. ‘ಧಾರವಾಡದಾಗ ನಮ್ಮ ಮನಿ ಮ್ಯಾಲೂ ಬಾಡಿಗಿಗೆ ಕೊಟ್ಟೇವಿ’ ಎಂದಳು. ‘ಕೊಡೂ ಮೊದಲ ಅಪ್ಪಾ ಎಲ್ಲಾ ಕೇಳ್ತಾನ.’ ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾವು ಈಗಲೂ ಒಂದೇ ಮನೆಯಲ್ಲಿದ್ದೇವೆ. ಫ್ರಿಡ್ಜಿನ ಮೇಲಿನ ಎರಡು ಖಾನೆ ಅವಳದ್ದು, ಕೆಳಗಿನದು ನಮ್ಮದು. ನಾನು ಸ್ಲೋ ಕುಕ್ಕರ್ ಹಚ್ಚುವ ದಿನ ಹಿಂದಿನ ರಾತ್ರಿಯೇ ಹೇಳುತ್ತೇನೆ, ಅವಳು ಲೈಬ್ರರಿಗೆ ಹೋಗುತ್ತಾಳೆ. ಕೆಲವು ಸಲ ಹೋಗುವುದಿಲ್ಲ. ಸೌಟು ಈಗಲೂ ಬೇರೆಯೇ.

ಮೊನ್ನೆ ಅಮ್ಮ ಫೋನಿನಲ್ಲಿ ಹೊಸ ಆರ್ಡರ್ ಕೊಟ್ಟಳು: ‘ಆ ಹಸ್ರು ಹೂಕೋಸು ಹಾಕ್ಬೇಡ, ಒಣ ಅವರೆಕಾಳು ಹಾಕು. ನಮ್ ಸಾರು ಮಾಡು.’ ಒಣಕಾಳನ್ನು ಈ ಪಾತ್ರೆಗೆ ಸೀದಾ ಹಾಕುವ ಹಾಗಿಲ್ಲ. ರಾಜ್ಮಾದಂಥ ಕಾಳಿನಲ್ಲಿರುವ ವಿಷದ ಅಂಶ ಇಷ್ಟು ಕಡಿಮೆ ಕಾವಿಗೆ ಹೋಗುವುದಿಲ್ಲ. ನೆನೆಸಿ, ನೀರು ಚೆಲ್ಲಿ, ಒಲೆಯ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆಯೇ ಹಾಕಬೇಕು. ಅದನ್ನೆಲ್ಲ ಅಮ್ಮನಿಗೆ ಹೇಳಿದೆ. ‘ಹಂಗಾದ್ರೆ ಆ ಕುಕ್ಕರ್ ಯಾಕೆ ಬೇಕು?’ ಎಂದಳು. ಇಂಡಿಯನ್ ಅಂಗಡಿಯಲ್ಲಿ ಅವರೆಕಾಳು ಸಿಕ್ಕಿತು, ರಾತ್ರಿ ನೆನೆಹಾಕಿದ್ದೇನೆ. ಈಗ ಇಲ್ಲಿ ಬೇಸಿಗೆ, ಅಡುಗೆಮನೆ ಕಿಟಕಿ ತೆಗೆದೇ ಇದೆ.