ಮೂರು ಬಗೆಯ ಅವರೆಗಳು: ಅವುಗಳ ಭೇದ, ಬೆಳೆ ಮತ್ತು ಸಂರಕ್ಷಣೆ

ನಮ್ಮ ಬಾಲಿಕೆಯರಲ್ಲಿ ಅನೇಕರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಕಡೆಗಳ ಒಕ್ಕಲು ಮನೆತನಗಳಿಂದ ಬಂದವರು. ಒಕ್ಕಲು ಮನೆಯಲ್ಲಿ ಕಾಳನ್ನು ಬೇಯಿಸುವುದೂ ಬೀಜವನ್ನು ಆರಿಸಿ ಕಾದಿಡುವುದೂ ಹೆಚ್ಚಾಗಿ ಹೆಂಗಸರ ಕೈಯಲ್ಲಿರುವುದು. ಹೊರನಾಡಿನ ಕಾಳುಗಳೂ ಪೇಟೆಗೆ ಬರುವ ಈ ಕಾಲದಲ್ಲಿ ಎಲ್ಲವನ್ನೂ ‘ಅವರೆ’ಯೆಂದು ಬಗೆದು ಒಂದೇ ರೀತಿ ಬಳಸಿದರೆ ಬೆಳೆಯೂ ಕೆಡುವುದು, ಕೆಲವೊಮ್ಮೆ ಆರೋಗ್ಯವೂ ಕೆಡುವುದು. ಆದುದರಿಂದ ಮೂರು ಬಗೆಗಳ ಭೇದವನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು ನಮ್ಮ ನಾಡಿನ ಅವರೆ. ಇದರ ಕಾಳಿನ ಅಂಚಿನಲ್ಲಿ ಉಬ್ಬಿದ ಬಿಳಿಯ ಗೆರೆಯೊಂದು ಎದ್ದು ಕಾಣುವುದು. ಎರಡನೆಯದು ಲಿಮಾ ಅವರೆ. ಪೇಟೆಯಲ್ಲಿ ‘ಡಬಲ್ ಬೀನ್ಸ್’ ಎನ್ನುವುದು ಇದನ್ನೇ. ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿಯಿಂದ ಇದಕ್ಕೆ ಈ ಹೆಸರು ಬಂದಿತು. ಕಾಯಿ ಅರ್ಧಚಂದ್ರದಂತೆ ಬಾಗಿ, ಕಾಳು ಚಪ್ಪಟೆಯಾಗಿರುವುದು. ಮೂರನೆಯದು ಫಾವಾ, ಉತ್ತರ ಭಾರತದಲ್ಲಿ ಇದನ್ನು ಬಾಕ್ಲಾ ಎನ್ನುವರು. ಇದು ಬಳ್ಳಿಯಲ್ಲ, ಚೌಕಾಕಾರದ ಕಾಂಡದ ಮೇಲೆ ನೆಟ್ಟಗೆ ನಿಲ್ಲುವ ಗಿಡ. ಹೂವಿನಲ್ಲಿ ಕಪ್ಪು ಮಚ್ಚೆಯೂ, ದಪ್ಪನೆಯ ಕಾಯಿಯೊಳಗೆ ಬಿಳಿಯ ಮೆತ್ತನೆಯ ಪದರವೂ ಇರುವುವು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವುದು. ಭೂಮಿ ಬಹುಭಾಗ ಎರೆ. ಈ ಸ್ಥಿತಿಗೆ ನಾಡ ಅವರೆಯೇ ಹೆಚ್ಚು ಒಗ್ಗುವುದು. ಹಳೆಯ ತಳಿಗಳು ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ. ಆದುದರಿಂದಲೇ ಅವುಗಳ ಸುಗ್ಗಿ ಚಳಿಗಾಲಕ್ಕೆ ಬರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮೊದಲಾದ ತಳಿಗಳಿಗೆ ಈ ಕಟ್ಟಿಲ್ಲ. ಲಿಮಾ ಅವರೆಗೆ ಬೆಚ್ಚನೆಯ ಹವೆಯೂ, ಮೂರು ನಾಲ್ಕು ತಿಂಗಳು ತೇವವೂ ಬೇಕು. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಹಿತ್ತಲಲ್ಲಿ ಏರುಮಡಿ ಮಾಡಿ ಮುಂಗಾರಿನಲ್ಲಿ ಊರಿ, ಬಳ್ಳಿಯ ಜಾತಿಗೆ ಚಪ್ಪರ ಹಾಕತಕ್ಕದ್ದು. ಫಾವಾ ತಂಪನ್ನು ಬಯಸುವುದು. ಬಿಸಿಲೇರಿದರೆ ಹೂವು ಉದುರುವುದು. ಅಕ್ಟೋಬರ ಕೊನೆಗೆ ನೀರಾವರಿಯ ಒಂದೆರಡು ಮಡಿಗಳಲ್ಲಿ ಪರೀಕ್ಷಿಸಿ ನೋಡಬಹುದೇ ಹೊರತು, ಹೊಲವನ್ನೇ ಅದಕ್ಕೆ ಒಪ್ಪಿಸುವುದು ಜಾಣತನವಲ್ಲ.

ಇನ್ನು ಅಡಿಗೆಯ ವಿಷಯ. ಲಿಮಾ ಅವರೆಯಲ್ಲಿ, ಮುಖ್ಯವಾಗಿ ಬಣ್ಣದ ಕಾಳುಗಳಲ್ಲಿ, ಸಯನೈಡ್ ವಿಷವನ್ನು ಬಿಡುವ ಅಂಶವಿರುವುದು. ಇದನ್ನು ಹಸಿಯಾಗಿ ತಿನ್ನಬಾರದು; ಹಸಿಯ ಕಾಳನ್ನು ಬೀಸಿ ಹಿಟ್ಟು ಮಾಡಿಕೊಳ್ಳಲೂ ಬಾರದು. ಒಣಗಿದ ಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿ, ಆ ನೀರನ್ನೂ ಬಸಿಯಬೇಕು. ಫಾವಾದ ತೊಡಕು ಬೇರೆ. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದವರಿಗೆ, ಅದರಲ್ಲಿಯೂ ಗಂಡುಮಕ್ಕಳಿಗೆ, ಇದನ್ನು ಉಂಡ ಒಂದೆರಡು ದಿನಗಳಲ್ಲಿ ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯ ಬರಬಹುದು. ಬೇಯಿಸಿದ ಮಾತ್ರಕ್ಕೆ ಈ ದೋಷ ಹೋಗದು. ಮೈ ಬಿಳಿಚಿ, ಕಣ್ಣು ಹಳದಿಯಾಗಿ, ಮೂತ್ರ ಕಪ್ಪಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು.

ಕಾಪಾಡುವ ಕ್ರಮ ಮೂರಕ್ಕೂ ಒಂದೇ. ನುಸಿಯು ಗಡಿಗೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಅನೇಕ ವೇಳೆ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟು, ಕಾಳಿನೊಡನೆ ಮನೆಗೆ ಬರುವುದು. ಕಾಳನ್ನು ಕಡಿದರೆ ಕಟಕ್ಕೆಂದು ಮುರಿಯುವಂತೆ ಒಣಗಿಸಿ, ಆರಿದ ಬಳಿಕವೇ ತುಂಬಬೇಕು. ಬಿಸಿಯಾಗಿಯೇ ತುಂಬಿದರೆ ಒಳಗೆ ಬೆವರಿ ಬೂಸಲು ಹಿಡಿಯುವುದು. ಕಿಲೋ ಒಂದಕ್ಕೆ ಒಂದು ಚಿಕ್ಕ ಚಮಚ ಅಡಿಗೆಯ ಎಣ್ಣೆಯನ್ನು ಸವರಿದರೆ ಮೊಟ್ಟೆಗಳು ಒಡೆಯಲಾರವು. ಒಣ ಬೂದಿಯನ್ನು ಬೆರೆಸಿಡುವ ಹಿರಿಯರ ಪದ್ಧತಿಯೂ ಒಳ್ಳೆಯದೇ. ಒಡೆದ ಬೇಳೆಗೆ ನುಸಿಯ ಕಾಟ ಕಡಿಮೆ. ಆದುದರಿಂದ ಉಣ್ಣುವ ಕಾಳನ್ನು ಬೇಳೆ ಮಾಡಿಡಬಹುದು. ಬೀಜದ ಕಾಳನ್ನಾದರೋ ಇಡಿಯಾಗಿ ಬೇರೆಯೇ ಗಡಿಗೆಯಲ್ಲಿಟ್ಟು, ಅಡಿಗೆಗೆ ಎಂದಿಗೂ ಮುಟ್ಟಬಾರದು.

ಬಿತ್ತನೆಗೆ ವಾರವೊಂದಿರುವಾಗ 20 ಬೀಜಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು ನೋಡಿರಿ. 15ಕ್ಕಿಂತ ಕಡಿಮೆ ಮೊಳೆತರೆ ಒತ್ತಾಗಿ ಬಿತ್ತಬೇಕು, ಇಲ್ಲವೆ ಬೇರೆ ಬೀಜ ತರಬೇಕು. ಮಳೆ ಒಮ್ಮೆ ಬಂದು ಹೋದ ಮೇಲೆ ತಿಳಿಯುವುದಕ್ಕಿಂತ ಮನೆಯಲ್ಲಿ ಮೊದಲೇ ತಿಳಿಯುವುದು ಲೇಸು. ಬಾಲಿಕೆಯರು ಇದನ್ನು ಮನೆಯಲ್ಲಿ ತಾಯಿಗೂ ಅಜ್ಜಿಗೂ ಓದಿ ಹೇಳಲಿ. ನಾಡ ಅವರೆಯ ವಿಷಯದಲ್ಲಿ ಅವರು ಬಲ್ಲುದನ್ನು ಕೇಳಿ ಬರೆದುಕೊಂಡೂ ಬರಲಿ.