ಅಣಕು ಸೀಟಿನ ಮೂರು ದಿನ

ಸಿಇಟಿ ಬರೆದವರ ಮನೆಯಲ್ಲಿ ಮಳೆಗಾಲದ ಜೊತೆಗೆ ಇನ್ನೊಂದು ಕಾಲವೂ ಶುರುವಾಗುತ್ತೆ. ರ‍್ಯಾಂಕ್ ಬಂದಾಗಿದೆ, ಕಾಲೇಜು ಸಿಕ್ಕಿಲ್ಲ. ಪಿಯು ಮುಗಿದಿದೆ, ಬಿಇ ಆರಂಭವಾಗಿಲ್ಲ. ಸಂಬಂಧಿಕರು ಫೋನ್ ಮಾಡಿ ‘ಎಲ್ಲಿಗೆ ಸೇರಿದೆಯಪ್ಪಾ?’ ಅಂತ ಕೇಳಿದರೆ ‘ಇನ್ನೂ ಮಾಕ್ ಬಂದಿಲ್ಲ’ ಅನ್ನಬೇಕು. ‘ಯಾರು ಬರಬೇಕು?’ ಅನ್ನುವ ಅಜ್ಜಿಯರೂ ಇದ್ದಾರೆ.

ಮಾಕ್ ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ ಅಣಕು ಸೀಟು ಹಂಚಿಕೆ. ನಾವು ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬಿರುತ್ತೇವೆ. ನಿಜವಾದ ಹಂಚಿಕೆಗೆ ಮೊದಲು ಅದೇ ಪಟ್ಟಿಗಳನ್ನಿಟ್ಟುಕೊಂಡು ಒಂದು ರಿಹರ್ಸಲ್ ನಡೆಸಿ, ‘ಈಗಿನ ಲೆಕ್ಕದಲ್ಲಿ ನಿನಗೆ ಸಿಗುವುದು ಇದು’ ಅಂತ ತೋರಿಸುತ್ತಾರೆ. ಆಮೇಲೆ ಪಟ್ಟಿ ತಿದ್ದಲು ಒಂದೆರಡು ಮೂರು ದಿನ ಸಿಗುತ್ತೆ. ಮೊದಲ ಸುತ್ತು ಬರುವುದು ಅದಾದ ಮೇಲೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದಲ್ಲೂ ಇಂಥ ಅಣಕು ಹಂಚಿಕೆ ಇದೆ.

ಕನ್ನಡದಲ್ಲಿ ಇದಕ್ಕೆ ‘ಅಣಕು’ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆದರೆ ಸರಿಯಾಗೇ ಇಟ್ಟಿದ್ದಾನೆ. ನನ್ನ ವರ್ಷದ ಮಾಕ್‌ನಲ್ಲಿ ನನಗೆ ತೋರಿಸಿದ್ದು ಮೈಸೂರು. ಈಗ ಐದನೇ ಸೆಮಿಸ್ಟರ್ ಓದುತ್ತಿರುವುದು ಹಾಸನದಲ್ಲಿ. ಮಧ್ಯೆ ಏನೂ ಅನ್ಯಾಯವಾಗಲಿಲ್ಲ. ನನಗಿಂತ ಮುಂದಿನ ರ‍್ಯಾಂಕಿನ ಕೆಲವರು ಆ ಮೂರು ದಿನಗಳಲ್ಲಿ ಮನಸ್ಸು ಬದಲಿಸಿದರು, ಅಷ್ಟೇ.

ಅಮೆರಿಕದ ಐವಿ ಲೀಗ್ ವಿಶ್ವವಿದ್ಯಾಲಯಗಳಲ್ಲಿ ‘ಲೈಕ್ಲಿ ಲೆಟರ್’ ಅಂತ ಒಂದು ಪದ್ಧತಿಯಿದೆ. ಅಧಿಕೃತ ಫಲಿತಾಂಶ ಹೊರಬೀಳುವುದು ಮಾರ್ಚ್ ಕೊನೆಯ ಹೊತ್ತಿಗೆ. ಅದಕ್ಕೂ ಮೊದಲೇ ತಾವು ಬಯಸಿದ ಕೆಲವೇ ವಿದ್ಯಾರ್ಥಿಗಳಿಗೆ, ಅದರಲ್ಲೂ ಕ್ರೀಡಾಪಟುಗಳಿಗೆ, ‘ನಿಮಗೆ ಪ್ರವೇಶ ಸಿಗುವ ಸಂಭವವಿದೆ’ ಅಂತ ಪತ್ರ ಬರೆಯುತ್ತಾರೆ. ಹೆಸರಿಗೆ ‘ಸಂಭವ’, ಆದರೆ ಅಂಕ ಕುಸಿಯದೆ, ನಡತೆ ಕೆಡದೆ ಇದ್ದರೆ ಅದು ಪ್ರವೇಶವೇ. ನಮ್ಮ ಮಾಕ್ ನೋಡಲು ಹಾಗೇ ಕಾಣಿಸುತ್ತೆ. ನಮ್ಮ ಹೆಸರಿರುತ್ತೆ, ಕಾಲೇಜಿನ ಹೆಸರಿರುತ್ತೆ, ಕೋರ್ಸ್ ಇರುತ್ತೆ. ಆದರೆ ಅದರಲ್ಲಿ ಯಾವ ಕಾಲೇಜಿನ ಮಾತೂ ಇಲ್ಲ. ನಿಮ್ಮನ್ನು ಯಾರೂ ಆರಿಸಿಲ್ಲ. ಒಂದು ಪ್ರೋಗ್ರಾಂ ಒಂದು ಸಲ ಓಡಿದೆ, ಇನ್ನೊಂದು ಸಲ ಓಡಲಿದೆ.

ಈ ವ್ಯತ್ಯಾಸ ಗೊತ್ತಾಗದೆ ಕೆಟ್ಟವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮೂರು ಕಡೂರು. ಅಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬನಿಗೆ ಮಾಕ್‌ನಲ್ಲಿ ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೋರಿಸಿತು. ಸಂಜೆಯೊಳಗೆ ಬೀದಿಗೆಲ್ಲ ಪೇಢೆ. ಮರುದಿನವೇ ಅಪ್ಪ ಬೆಂಗಳೂರಿಗೆ ಹೋಗಿ ಪಿಜಿಯೊಂದಕ್ಕೆ ಅಡ್ವಾನ್ಸ್ ಕೊಟ್ಟು ಬಂದರು. ಹುಡುಗ ಇತ್ತ ‘ಸಿಕ್ಕೇಬಿಟ್ಟಿತಲ್ಲ, ಇನ್ಯಾಕೆ?’ ಅಂತ ಆ ಆಪ್ಷನ್‌ನ ಕೆಳಗಿದ್ದ ಐವತ್ತು ಚಿಲ್ಲರೆ ಆಪ್ಷನ್‌ಗಳನ್ನು ಒಂದೊಂದಾಗಿ ಅಳಿಸಿ ಹಾಕಿದ. ಮೊದಲ ಸುತ್ತಿನಲ್ಲಿ ಆ ಸೀಟು ಅವನಿಗಿಂತ ಮುಂದಿದ್ದವರ ಪಾಲಾಯಿತು. ಕೆಳಗೆ ಏನೂ ಉಳಿದಿರಲಿಲ್ಲವಾದ್ದರಿಂದ ಅವನಿಗೆ ಯಾವ ಸೀಟೂ ಬರಲಿಲ್ಲ. ಪಿಜಿಯವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ನನ್ನ ರೂಮ್‌ಮೇಟ್‌ದು ಇದರ ಉಲ್ಟಾ ಕಥೆ. ಅವನು ಸಿಂಧನೂರಿನವನು. ಮಾಕ್‌ನಲ್ಲಿ ಅವನ ಮೂರನೇ ಆಪ್ಷನ್ ಬಂತು. ‘ಮೇಲಿನ ಎರಡು ಹೇಗೂ ಸಿಗಲ್ಲ, ಅವನ್ನಿಟ್ಟುಕೊಂಡರೆ ಇದೂ ಕೈತಪ್ಪುತ್ತೆ’ ಅಂತ ಸೈಬರ್ ಸೆಂಟರಿನಲ್ಲಿ ಯಾರೋ ಹೇಳಿದರಂತೆ. ಮೇಲಿನ ಎರಡನ್ನೂ ತೆಗೆಸಿಬಿಟ್ಟ. ಆ ವರ್ಷ ಅವನ ಎರಡನೇ ಆಪ್ಷನ್‌ನ ಕಟಾಫ್ ಕೊನೆಗೆ ಅವನ ರ‍್ಯಾಂಕ್ ದಾಟಿ ಕೆಳಗಿಳಿಯಿತು. ಪಟ್ಟಿಯಲ್ಲಿ ಇದ್ದಿದ್ದರೆ ಸಿಗುತ್ತಿತ್ತು. ಇವತ್ತಿಗೂ ಆ ಕಾಲೇಜಿನ ಫೆಸ್ಟ್‌ನ ರೀಲ್ಸ್ ಕಾಣಿಸಿದರೆ ಸರ‍್ರನೆ ಮುಂದಕ್ಕೆ ಸರಿಸುತ್ತಾನೆ.

‘ಅಸಾಧ್ಯವಾದ ಕಾಲೇಜನ್ನು ಮೇಲಿಟ್ಟರೆ ಕಂಪ್ಯೂಟರ್ ಶಿಕ್ಷೆ ಕೊಡುತ್ತೆ’ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿದೆ ಅಂದರೆ ಲೆಕ್ಚರರ್‌ಗಳ ಬಾಯಲ್ಲೂ ಕೇಳಿದ್ದೇನೆ. ನಡೆಯುವುದು ಸರಳ. ಮೊದಲ ರ‍್ಯಾಂಕಿನವರ ಪಟ್ಟಿ ತೆಗೆದು, ಮೊದಲ ಆಪ್ಷನ್ ಖಾಲಿ ಇದೆಯಾ ನೋಡಿ ಕೊಡುತ್ತಾರೆ. ಆಮೇಲೆ ಎರಡನೇ ರ‍್ಯಾಂಕ್, ಮೂರನೇ ರ‍್ಯಾಂಕ್... ನಿಮ್ಮದು 20,000 ಅಂತಿಟ್ಟುಕೊಳ್ಳಿ. ನಿಮ್ಮ ಸರದಿ ಬಂದಾಗ ಮೊದಲ ಆಪ್ಷನ್ ಯುವಿಸಿಇ ಕಂಪ್ಯೂಟರ್ ಸೈನ್ಸ್. ಖಾಲಿ ಇಲ್ಲ. ಎರಡನೆಯದು? ಅದೂ ಇಲ್ಲ. ಮೂರನೆಯದು ಇದೆ. ಕೊಟ್ಟು, ಅಲ್ಲಿಗೇ ನಿಲ್ಲುತ್ತೆ. ಸಿಗದ ಎರಡನ್ನು ಮೇಲೆ ಬರೆದದ್ದಕ್ಕೆ ನೀವು ಕಳೆದುಕೊಂಡದ್ದು ಏನೂ ಇಲ್ಲ, ಯಾಕೆಂದರೆ ನಿಮ್ಮ ಸರದಿ ಮುಗಿಯುವ ತನಕ 20,001ನೆಯವರನ್ನು ಯಾರೂ ಕರೆಯುವುದಿಲ್ಲ. ಕಾಲೇಜು ಪ್ರವೇಶದ ಈ ಥರದ ಹೊಂದಾಣಿಕೆಗಳ ಬಗ್ಗೆ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲೇ ಪ್ರಬಂಧ ಬರೆದಿದ್ದಾರೆ. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದರ ಹಿಂದೆ ಆ ಕೆಲಸವೂ ಇದೆ. ಸೈಬರ್ ಸೆಂಟರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ!

ಈ ಲೆಕ್ಕದಲ್ಲೇ ಇನ್ನೊಂದು ಸಂಗತಿ ಇದೆ. ಮಾಕ್ ಮತ್ತು ಮೊದಲ ಸುತ್ತಿನ ನಡುವೆ ನಿಮ್ಮ ಸೀಟನ್ನು ಅಲುಗಾಡಿಸುವವರು ಬಹುಮಟ್ಟಿಗೆ ನಿಮಗಿಂತ ಮುಂದಿನ ರ‍್ಯಾಂಕಿನವರು ಮಾತ್ರ. ಹಿಂದಿನವರು ಏನೇ ಬದಲಿಸಿದರೂ ನಿಮಗೆ ತಟ್ಟದು. ಮುಂದಿನವರಲ್ಲಿ ಕೆಲವರು ಮಾಕ್ ತನಕ ನಾಲ್ಕೇ ಆಪ್ಷನ್ ಹಾಕಿ ಕೂತಿರುತ್ತಾರೆ, ಫಲಿತಾಂಶ ನೋಡಿ ಗಾಬರಿಯಾಗಿ ನಲವತ್ತು ಸೇರಿಸುತ್ತಾರೆ. ಆಗ ಕಟಾಫ್ ಬಿಗಿಯಾಗುತ್ತೆ. ಕೆಲವರಿಗೆ ನೀಟ್‌ನಿಂದ ಮೆಡಿಕಲ್ ಸಿಗುತ್ತೆ, ಕೆಲವರು ಸುರತ್ಕಲ್‌ನ ಎನ್‌ಐಟಿಗೋ ಧಾರವಾಡದ ಐಐಟಿಗೋ ಹೊರಡುತ್ತಾರೆ, ಕೆಲವರು ಕಾಮೆಡ್‌–ಕೆ ಸೀಟು ಹಿಡಿಯುತ್ತಾರೆ. ಅವರು ಬಿಟ್ಟ ಜಾಗ ಮುಂದಿನ ಸುತ್ತುಗಳಲ್ಲಿ ತೆರೆದುಕೊಳ್ಳುತ್ತೆ, ಆಗ ಸಡಿಲ. ಒಮ್ಮೊಮ್ಮೆ ಸೀಟುಗಳ ಸಂಖ್ಯೆಯೇ ಬದಲಾಗುವುದೂ ಇದೆ. ಹಾಗಾಗಿ ‘ಹೋದ ವರ್ಷದ ಕಟಾಫ್ ಇಷ್ಟಿತ್ತು’ ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು, ಯಾವ ಸುತ್ತಿನದು? ಮೊದಲ ಸುತ್ತಿನ ಕಟಾಫ್‌ಗೂ ಕೊನೆಯ ಸುತ್ತಿನದಕ್ಕೂ ಸಾವಿರಾರು ರ‍್ಯಾಂಕ್‌ಗಳ ಅಂತರ ಇರಬಹುದು.

ಮಾಕ್‌ಗಿಂತ ಮುಂಚಿನ ಶಕುನಗಳು ಇನ್ನೂ ಹಗುರ. ಕೀ ಉತ್ತರ ಬಂದ ಸಂಜೆಯೇ ‘ನಿಮ್ಮ ರ‍್ಯಾಂಕ್ ಹೇಳುತ್ತೇವೆ’ ಅನ್ನುವ ವಿಡಿಯೊಗಳು ಶುರು. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಪಿಸಿಎಂ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ. ಪಿಯುನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 108 ಬಂದವರಿಗೆ 45 ಮತ್ತು 30 ಸೇರಿ 75. ಇಷ್ಟನ್ನು ನಾವೇ ಲೆಕ್ಕ ಹಾಕಬಹುದು. ಆದರೆ ಆ 75ಕ್ಕೆ ಈ ವರ್ಷ ಯಾವ ರ‍್ಯಾಂಕ್ ಅನ್ನುವುದು ಉಳಿದವರೆಲ್ಲ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ನಿಂತಿದೆ. 2024ರಲ್ಲಂತೂ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಅಷ್ಟರವರೆಗೆ ಹಾಕಿದ್ದ ಲೆಕ್ಕವೆಲ್ಲ ನೀರಿನ ಮೇಲಿನ ಹೋಮ.

ಹಾಗಾದರೆ ಮಾಕ್‌ನಿಂದ ಪ್ರಯೋಜನವೇ ಇಲ್ಲವಾ? ಇದೆ. ಸಿಗುವ ಸೀಟನ್ನು ಅದು ಹೇಳುವುದಿಲ್ಲ, ನಮ್ಮ ಪಟ್ಟಿ ಎಂಥದ್ದು ಅನ್ನುವುದನ್ನು ಹೇಳುತ್ತೆ.

ಮೊದಲನೆಯದಾಗಿ ಕೆಟಗರಿ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮ ಶೇ 5, ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ, ಕಲ್ಯಾಣ ಕರ್ನಾಟಕದವರಿಗೆ 371(ಜೆ). ನನ್ನ ರೂಮ್‌ಮೇಟ್ ಹೇಳಿದ ಮೇಲೇ ನನಗೆ ತಿಳಿದಿದ್ದು: ಅವರಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಮೀಸಲು, ಹಾಸನದಂಥ ಉಳಿದ ಕಡೆಯಲ್ಲಿ ಶೇ 8. ನಿಮಗೆ ಬರಬೇಕಾದ ಮೀಸಲಾತಿ ವೆರಿಫಿಕೇಷನ್ ಸ್ಲಿಪ್‌ನಲ್ಲಿ ಸರಿಯಾಗಿ ದಾಖಲಾಗಿದೆಯಾ ಅಂತ ನೋಡಿಕೊಳ್ಳುವ ಬುದ್ಧಿ ಬಹಳಷ್ಟು ಮನೆಗಳಲ್ಲಿ ಬರುವುದು ಮಾಕ್‌ನಲ್ಲಿ ನಿರೀಕ್ಷೆಗಿಂತ ಕೆಳಗಿನ ಸೀಟು ಕಂಡ ಮೇಲೇ. ನೋಡುವುದಾದರೆ ಅದಕ್ಕಿಂತ ಮೊದಲೇ ನೋಡಿ. ಜಾತಿ–ಆದಾಯ ಪತ್ರದ ಆರ್‌ಡಿ ಸಂಖ್ಯೆಯಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ನಾಡಕಚೇರಿಗೆ ಅಲೆಯುವವರು ನೀವೇ.

ಎರಡನೆಯದು, ಮನೆಯೊಳಗಿನ ಮಾತು. ಇದನ್ನು ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ. ಆಪ್ಷನ್ ತುಂಬುವಾಗ ಎಲ್ಲರೂ ಉದಾರಿಗಳು. ‘ಹಾಕು ಹಾಕು, ಬೆಂಗಳೂರೂ ಹಾಕು, ಬರಲಿ ನೋಡೋಣ’. ಬಂದಾಗ ತಾನೇ ಕಷ್ಟ! ಪರದೆ ಮೇಲೆ ಕಾಲೇಜಿನ ಹೆಸರು, ಪಕ್ಕದಲ್ಲಿ ಶುಲ್ಕ ಕಾಣಿಸಿದ ಮೇಲೆ ಅಪ್ಪ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಹಾಸ್ಟೆಲ್ ಎಷ್ಟು, ಊಟ ಎಷ್ಟು, ನಾಲ್ಕು ವರ್ಷಕ್ಕೆ ಎಷ್ಟು? ಸರ್ಕಾರಿ ಕಾಲೇಜಿಗೂ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೂ ಇರುವ ಶುಲ್ಕದ ಅಂತರ ಅವತ್ತು ಮೊದಲ ಸಲ ನಿಜವಾಗುತ್ತೆ. ಹೆಣ್ಣುಮಕ್ಕಳಿಗಂತೂ ‘ಅಷ್ಟು ದೂರ ಯಾಕೆ?’ ಅನ್ನುವ ಪ್ರಶ್ನೆಯೂ ಅವತ್ತೇ ಬರುವುದು. ಈ ಜಗಳ ಮಾಕ್‌ನ ಮೂರು ದಿನಗಳಲ್ಲಿ ನಡೆದುಬಿಟ್ಟರೆ ಒಳ್ಳೆಯದು. ನಿಜವಾದ ಹಂಚಿಕೆಯ ನಂತರ ನಡೆದರೆ ಸಮಯ ಇರುವುದಿಲ್ಲ. ಆಗ ಚಾಯ್ಸ್ 1, ಅಂದರೆ ಒಪ್ಪಿ ಸೇರುವುದು. ಚಾಯ್ಸ್ 2, ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು. ಚಾಯ್ಸ್ 3, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್ 4, ಪೂರ್ತಿ ಹೊರನಡೆಯುವುದು. ನಾಲ್ಕರಲ್ಲಿ ಒಂದನ್ನು ಗಡುವಿನೊಳಗೆ ಒತ್ತಲೇಬೇಕು. ಅಪ್ಪ–ಅಮ್ಮ ಒಂದು ಅಭಿಪ್ರಾಯಕ್ಕೆ ಬರುವ ತನಕ ಪೋರ್ಟಲ್ ಕಾಯುವುದಿಲ್ಲ. ಚಾಯ್ಸ್ 2 ಒತ್ತಿದವರಿಗೆ ಮೇಲಿನ ಆಪ್ಷನ್ ಬಂದರೆ ಹಳೆಯ ಸೀಟು ತಾನಾಗೇ ಹೋಗುತ್ತೆ ಅನ್ನುವುದನ್ನೂ ಮೊದಲೇ ಮನೆಯವರಿಗೆ ಹೇಳಿಟ್ಟಿರಬೇಕು. ‘ಎರಡರಲ್ಲಿ ಒಂದು ಆರಿಸಿಕೊಳ್ಳೋಣ’ ಅಂತ ಕೂತರೆ ಆರಿಸಲು ಎರಡಿರುವುದಿಲ್ಲ.

ಮೂರನೆಯದು ನಮ್ಮದೇ ಮುಖ. ಹೋದ ವರ್ಷ ನನ್ನ ಸೀನಿಯರ್ ಒಬ್ಬರ ತಂಗಿಗೆ ಮಾಕ್‌ನಲ್ಲಿ ಬಂದಿದ್ದು ಎಐ–ಎಂಎಲ್. ಮನೆಯೆಲ್ಲ ಖುಷಿ, ಅವಳ ಮುಖ ಮಾತ್ರ ಸಪ್ಪೆ. ಅವಳಿಗೆ ಬೇಕಾಗಿದ್ದು ಸಿವಿಲ್. ಕಂಪ್ಯೂಟರ್ ಗುಂಪಿನ ಕೋರ್ಸುಗಳನ್ನೆಲ್ಲ ಮೇಲಿಟ್ಟಿದ್ದು ‘ಎಲ್ಲರೂ ಹಾಗೇ ಇಡುತ್ತಾರೆ’ ಅಂತ. ಆ ರಾತ್ರಿ ಸಿವಿಲ್ ಅನ್ನು ಮೇಲಕ್ಕೆ ತಂದಳು. ಈಗ ಸೈಟ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡ ಫೋಟೊಗಳನ್ನು ಸ್ಟೇಟಸ್‌ಗೆ ಹಾಕುತ್ತಾಳೆ. ಅವಳ ನಿರ್ಧಾರ ಸರಿಯೋ ತಪ್ಪೋ ನಾಲ್ಕು ವರ್ಷದ ಮೇಲೆ ಕ್ಯಾಂಪಸ್ ಪ್ಲೇಸ್‌ಮೆಂಟ್‌ನವರು ಹೇಳಬಹುದು, ನಾನಂತೂ ಹೇಳಲಾರೆ. ಆದರೆ ಆ ಸಪ್ಪೆ ಮುಖ ಮೊದಲ ಸುತ್ತಿನ ದಿನ ಕಂಡಿದ್ದರೆ ಪಟ್ಟಿ ತಿದ್ದುವ ಕಾಲ ಮುಗಿದುಹೋಗಿರುತ್ತಿತ್ತು.

(ಅಂದ ಹಾಗೆ, ಕಾಯುವುದು ಕಾಲೇಜಿಗೆ ಸೇರಿದ ಮೇಲೆ ನಿಲ್ಲುತ್ತೆ ಅಂದುಕೊಳ್ಳಬೇಡಿ. ನಮ್ಮ ಫೈನಲ್ ಇಯರ್‌ನವರು ಈಗ ‘ಶಾರ್ಟ್‌ಲಿಸ್ಟ್ ಆಗಿದೆ’ ಅನ್ನುವ ಮೇಲ್ ಹಿಡಿದುಕೊಂಡು ಆಫರ್ ಲೆಟರ್‌ಗೆ ಕಾಯುತ್ತಿದ್ದಾರೆ. ಹಾಸ್ಟೆಲ್‌ನಲ್ಲಿ ಅದಕ್ಕೂ ಪೇಢೆ ಹಂಚಿದವರಿದ್ದಾರೆ.)

ಈ ಸಲ ನಮ್ಮ ಚಿಕ್ಕಪ್ಪನ ಮಗಳ ಸರದಿ. ಮಾಕ್‌ನಲ್ಲಿ ಶಿವಮೊಗ್ಗದ ಜೆಎನ್‌ಎನ್‌ಸಿಇ ಬಂದಿದೆ. ಅವಳ ಪಟ್ಟಿಯಲ್ಲಿ ಅದು ಹದಿನೆಂಟನೆಯದು. ಮೇಲಿನ ಹದಿನೇಳರಲ್ಲಿ ಒಂದನ್ನೂ ತೆಗೆಯಬೇಡ, ಕೆಳಗಿನದರಲ್ಲೂ ತೆಗೆಯಬೇಡ, ನಿಜವಾಗಿ ಹೋಗಲು ಒಪ್ಪದ ಕಾಲೇಜು ಇದ್ದರೆ ಅದನ್ನಷ್ಟೇ ತೆಗೆ ಅಂತ ಹೇಳಿದ್ದೇನೆ. ನಿನ್ನೆ ರಾತ್ರಿ ಹತ್ತೂವರೆ ತನಕ ಫೋನಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಅವಳು, ನಾನು ನಾಲ್ಕು ಜನ ಕೂತು ಸಾಲು ಸಾಲಾಗಿ ನೋಡಿದೆವು. ಬೆಂಗಳೂರಿನ ಎರಡು ಕಾಲೇಜುಗಳಿಗೆ ಚಿಕ್ಕಪ್ಪ ಒಪ್ಪಿದ್ದಾರೆ, ಹಾಸ್ಟೆಲ್ ಕ್ಯಾಂಪಸ್ಸಿನೊಳಗೇ ಇರಬೇಕು ಅನ್ನುವ ಷರತ್ತಿನ ಮೇಲೆ. ಚಿಕ್ಕಮಗಳೂರಿನ ಎಐಟಿಯನ್ನು ಶಿವಮೊಗ್ಗಕ್ಕಿಂತ ಮೇಲಿಡಬೇಕು, ಮನೆಯಿಂದಲೇ ಓಡಾಡಬಹುದು ಅಂತ ಚಿಕ್ಕಮ್ಮ. ಕೂಡದು ಅಂತ ಅವಳು. ನಾಳೆ ಬೆಳಿಗ್ಗೆ 11ಕ್ಕೆ ಪೋರ್ಟಲ್ ಮುಚ್ಚುತ್ತೆ, ಇಬ್ಬರೂ ಇನ್ನೂ ಪಟ್ಟು ಬಿಟ್ಟಿಲ್ಲ.